ಜಾಹೀರಾತು ತೋರಿಸುವುದು ನಮ್ಮ ಮೌಲ್ಯವನ್ನೋ, ನಮ್ಮ ಮುಜುಗರವನ್ನೋ?

ಮಸಿಕುಡಿಕೆ:

ಕೆಲವು ವಾರಗಳಿಂದ 1920ರ ದಶಕದ ಅಮೆರಿಕದ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ತಿರುವಿಹಾಕುತ್ತಿದ್ದೇನೆ. ಕುಳಿತದ್ದು ಲೇಖನಗಳನ್ನು ಓದಲೆಂದು, ಆದರೆ ಕಣ್ಣು ನೆಟ್ಟದ್ದು ಜಾಹೀರಾತುಗಳ ಮೇಲೆ. ಲೇಖನವೊಂದು ದೇಶದ ಪ್ರಗತಿಯನ್ನೂ ವ್ಯಕ್ತಿಯ ಪರಿಶ್ರಮವನ್ನೂ ಕೊಂಡಾಡುತ್ತಿರುವಾಗಲೇ, ಪಕ್ಕದ ಜಾಹೀರಾತು ಅದೇ ಓದುಗನ ಕಿವಿಯ ಬಳಿ ಬಂದು, ನಿಮ್ಮ ಬಾಯಿ ವಾಸನೆ ಬರುತ್ತಿದೆ, ನಿಮ್ಮ ಆಪ್ತ ಗೆಳೆಯರು ಕೂಡ ಅದನ್ನು ನಿಮಗೆ ಹೇಳಲಾರರು ಎಂದು ಪಿಸುಗುಟ್ಟುತ್ತದೆ.

ಇದು ಲಿಸ್ಟರಿನ್ ಎಂಬ ದ್ರವದ ಜಾಹೀರಾತು. ಈ ದ್ರವ ಹುಟ್ಟಿದ್ದು 1879ರಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಸೋಂಕು ತಗಲದಿರಲೆಂದು. ಅದರ ಹೆಸರು ಕೂಡ ಸೋಂಕುನಿವಾರಕ ಶಸ್ತ್ರಚಿಕಿತ್ಸೆಯನ್ನು ಬಳಕೆಗೆ ತಂದ ಜೋಸೆಫ್ ಲಿಸ್ಟರ್ ಅವರಿಂದ ಬಂದದ್ದು. ನಾಲ್ಕು ದಶಕಗಳ ನಂತರ ಸೀಸೆಯೊಳಗಿನ ದ್ರವ ಹೆಚ್ಚುಕಡಿಮೆ ಅದೇ ಆಗಿದ್ದರೂ ಅದು ವಾಸಿಮಾಡುವ ರೋಗ ಮಾತ್ರ ಬದಲಾಗಿತ್ತು. ಕಂಪನಿಯವರು ‘ಹ್ಯಾಲಿಟೋಸಿಸ್’ ಎಂಬ, ಜನಸಾಮಾನ್ಯರು ಕೇಳಿರದ ವೈದ್ಯಕೀಯ ಪದವೊಂದನ್ನು ಹುಡುಕಿ ತೆಗೆದು ಬಾಯಿ ವಾಸನೆಗೆ ಕಾಯಿಲೆಯ ಘನತೆಯನ್ನು ತಂದುಕೊಟ್ಟರು. ಆ ಸರಣಿಯ ಒಂದು ಜಾಹೀರಾತಿನಲ್ಲಿ ಎಡ್ನಾ ಎಂಬ ಚೆಲುವೆಯ ಕಥೆಯಿದೆ. ಅವಳ ಗೆಳತಿಯರೆಲ್ಲ ಮದುವೆಯಾಗಿದ್ದಾರೆ ಅಥವಾ ಆಗುವವರಿದ್ದಾರೆ. ಇವಳು ಮಾತ್ರ ಪ್ರತಿ ಮದುವೆಯಲ್ಲೂ ಮದುಮಗಳ ಪಕ್ಕ ನಿಲ್ಲುವ ಗೆಳತಿಯಾಗಿಯೇ ಉಳಿದು, ಮೂವತ್ತರ ಹೊಸ್ತಿಲಿಗೆ ಬಂದಿದ್ದಾಳೆ. ಕಾರಣ ಅವಳಿಗೆ ತಿಳಿಯದು. ಕಥೆ ಸೀಸೆಯ ಬಳಿಗೆ ಬಂದು ಮುಗಿಯುತ್ತದೆ.

ನನಗೆ ತೋಚಿದ್ದನ್ನು ಇಲ್ಲಿ ಮಂಡಿಸುತ್ತೇನೆ. ಜಾಹೀರಾತು ಸಂಸ್ಕೃತಿಯ ಕನ್ನಡಿ ಎಂಬ ಮಾತನ್ನು ನಾವು ಪಠ್ಯಪುಸ್ತಕದ ಕಾಲದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಒಂದು ಸಮಾಜ ಬಾಯಿಬಿಟ್ಟು ಹೇಳಿಕೊಳ್ಳುವ ಮೌಲ್ಯಗಳು ಜಾಹೀರಾತಿನಲ್ಲಿ ಕಾಣಿಸುವುದು ಅಪರೂಪ. ಅಲ್ಲಿ ಕಾಣುವುದು ಆ ಸಮಾಜದ ಜನ ಯಾವುದಕ್ಕೆ ನಾಚುತ್ತಾರೆ, ಯಾರ ಮುಂದೆ ನಾಚುತ್ತಾರೆ ಎಂಬುದು. ಎಡ್ನಾಳ ಕಥೆ ಹಲ್ಲಿನ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೂವತ್ತು ತುಂಬುವ ಒಂಟಿ ಹೆಣ್ಣನ್ನು ಆ ಕಾಲದವರು ಹೇಗೆ ನೋಡುತ್ತಿದ್ದರು ಎಂಬುದನ್ನು ಅದು ಯಾವ ಸಂಪಾದಕೀಯಕ್ಕಿಂತಲೂ ಸ್ಪಷ್ಟವಾಗಿ ಹೇಳಿಬಿಡುತ್ತದೆ. ಈ ವಾದ ಎಲ್ಲಿ ಸೋರುತ್ತದೆ ಎಂಬುದನ್ನು ತಿಳಿದವರು ತೋರಿಸಿಕೊಟ್ಟರೆ ಉಪಕಾರವಾದೀತು.

ತಕ್ಕಡಿ:

ಮಸಿಕುಡಿಕೆಯವರ ವಾದ ಓದಲು ಹಿತವಾಗಿದೆ. ನನ್ನ ಮೊದಲ ಅನುಮಾನವೂ ಅಲ್ಲಿಯೇ ಹುಟ್ಟುತ್ತದೆ. ಆ ಜಾಹೀರಾತನ್ನು ಬರೆದವರು ಯಾರು? ದೊಡ್ಡ ನಗರದ ಕೆಲವೇ ಬೀದಿಗಳಲ್ಲಿ ಕಚೇರಿಗಳಿದ್ದ, ಒಳ್ಳೆಯ ಸಂಬಳ ಪಡೆಯುತ್ತಿದ್ದ, ಬಹುಪಾಲು ಗಂಡಸರೇ ಆಗಿದ್ದ ಒಂದು ಸಣ್ಣ ಗುಂಪು. ಎಡ್ನಾಳ ಸಂಕಟ ಅವರು ಊಹಿಸಿಕೊಂಡ ಸಂಕಟ. ಆ ಪುಟವನ್ನು ನೋಡಿದ ಸಾವಿರಾರು ಹೆಂಗಸರಲ್ಲಿ ಎಷ್ಟು ಮಂದಿ ಅಂಜಿದರು, ಎಷ್ಟು ಮಂದಿ ನಕ್ಕು ಪುಟ ಮಗುಚಿದರು ಎಂಬುದು ಆ ಪುಟದಲ್ಲಿ ದಾಖಲಾಗಿಲ್ಲ. ಹಾಗಾಗಿ ಜಾಹೀರಾತಿನಿಂದ ನಾವು ನೇರವಾಗಿ ತಿಳಿಯಬಹುದಾದದ್ದು ಇಷ್ಟೇ: ಮಾರುವವರು ಕೊಳ್ಳುವವರ ಬಗ್ಗೆ ಏನೆಂದು ನಂಬಿದ್ದರು ಎಂಬುದು.

ಎರಡನೆಯದಾಗಿ, ಮುಜುಗರವೊಂದೇ ಜಾಹೀರಾತಿನ ಬಂಡವಾಳವಲ್ಲ. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿಕೊಂಡು ನಡೆದರು. ಅದರ ಹಿಂದಿದ್ದವರು ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ಹಣ ಕೊಟ್ಟದ್ದು ತಂಬಾಕು ಕಂಪನಿ. ಸಿಗರೇಟುಗಳಿಗೆ ಇಟ್ಟ ಹೆಸರು ‘ಸ್ವಾತಂತ್ರ್ಯದ ದೀವಟಿಗೆಗಳು’. ಇಲ್ಲಿ ಬಂಡವಾಳವಾದದ್ದು ನಾಚಿಕೆಯಲ್ಲ, ಹೆಣ್ಣುಮಕ್ಕಳು ಆಗಷ್ಟೇ ಹೋರಾಡಿ ಮತದಾನದ ಹಕ್ಕು ಗಳಿಸಿದ್ದ ಹೆಮ್ಮೆ. ನಿಜವಾದ ಮೌಲ್ಯವೊಂದನ್ನು ಎತ್ತಿಕೊಂಡು ಹೋಗಿ ಒಂದು ಪ್ಯಾಕೆಟ್ಟಿಗೆ ಅಂಟಿಸಿದರು. ಇದನ್ನು ‘ಸಂಸ್ಕೃತಿಯ ಪ್ರತಿಬಿಂಬ’ ಎನ್ನಬೇಕೋ, ‘ಕಳವು’ ಎನ್ನಬೇಕೋ ತಾವೇ ಹೇಳಿ.

ಇನ್ನೊಂದನ್ನೂ ಗಮನಿಸಿ. ಮಾರ್ಲ್‌ಬರೋ ಸಿಗರೇಟನ್ನು 1924ರಲ್ಲಿ ಮಾರುಕಟ್ಟೆಗೆ ತಂದಾಗ ಅದು ಹೆಂಗಸರಿಗೆಂದು ಬಂದದ್ದು. ತುಟಿಯ ಬಣ್ಣ ಕಾಣದಿರಲೆಂದು ಅದಕ್ಕೆ ಕೆಂಪು ತುದಿಯನ್ನು ಸಹ ಕೊಟ್ಟಿದ್ದರು. 1950ರ ದಶಕದ ನಡುವೆ ಷಿಕಾಗೋದ ಲಿಯೋ ಬರ್ನೆಟ್ ಅವರ ಸಂಸ್ಥೆ ಅದೇ ಹೆಸರಿಗೆ ಕುದುರೆ ಏರಿದ ದನಗಾಹಿಯ ಚಿತ್ರವನ್ನು ತಂದು, ಅದನ್ನು ಗಂಡಸುತನದ ಗುರುತನ್ನಾಗಿ ಮಾಡಿತು. ಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ಹೆಸರು ಕೋಮಲತೆಗೂ ಒರಟುತನಕ್ಕೂ ಸಾಕ್ಷಿ ಹೇಳಿದೆ. ಇಂತಹ ಸಾಕ್ಷಿಯನ್ನು ಯಾವ ನ್ಯಾಯಾಲಯ ನಂಬೀತು?

ದಾರದುಂಡೆ:

ತಕ್ಕಡಿಯವರೇ, ಸಾಕ್ಷಿ ಮಾತು ಬದಲಿಸಿದ ಎಂಬುದೇ ಒಂದು ಮಾಹಿತಿಯಲ್ಲವೇ? ಸಿಗರೇಟು ತನ್ನಷ್ಟಕ್ಕೆ ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಆದರೆ 1924ರಲ್ಲೂ 1955ರಲ್ಲೂ ಅದನ್ನು ಇಬ್ಬರಲ್ಲೊಬ್ಬರಿಗೆ ಸೇರಿಸದೆ ಮಾರಲಾಗದು ಎಂದು ಅವರಿಗೆ ಅನ್ನಿಸಿತಲ್ಲ, ಆ ಗೆರೆ ಎಲ್ಲಿಂದ ಬಂತು? ಗೆರೆಯ ಬಣ್ಣ ಬದಲಾಗುತ್ತದೆ, ಗೆರೆ ಎಳೆಯುವ ಚಾಳಿ ಮಾತ್ರ ಉಳಿಯುತ್ತದೆ. 1918ರ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು, ಗುಲಾಬಿ ಬಣ್ಣ ಗಟ್ಟಿಯಾದದ್ದರಿಂದ ಗಂಡುಮಕ್ಕಳಿಗೂ ನೀಲಿ ನಾಜೂಕಾದದ್ದರಿಂದ ಹೆಣ್ಣುಮಕ್ಕಳಿಗೂ ಒಪ್ಪುತ್ತದೆ ಎಂದು ಬರೆದಿತ್ತು. ಇಂದು ಆಟಿಕೆ ಅಂಗಡಿಯಲ್ಲಿ ಅದನ್ನು ಓದಿ ಹೇಳಿದರೆ ಮಾರಾಟಗಾರರು ನಮ್ಮನ್ನು ವಿಚಿತ್ರವಾಗಿ ನೋಡಿಯಾರು.

‘ಕಳವು’ ಎಂಬ ಮಾತನ್ನು ಒಪ್ಪುತ್ತೇನೆ, ಆದರೆ ಕದಿಯಲು ಮನೆಯಲ್ಲಿ ಏನಾದರೂ ಇರಬೇಕಲ್ಲ! ವಜ್ರದ ಉಂಗುರವನ್ನೇ ನೋಡೋಣ. ‘ವಜ್ರ ಎಂದೆಂದಿಗೂ’ ಎಂಬ ಸಾಲನ್ನು ಡಿ ಬೀರ್ಸ್ ಕಂಪನಿಗಾಗಿ ಫ್ರಾನ್ಸಿಸ್ ಜೆರೆಟಿ ಎಂಬ ಬರಹಗಾರ್ತಿ 1947ರಲ್ಲಿ ಬರೆದರು. ಅದೇ ಕಂಪನಿ ಜಪಾನಿನಲ್ಲಿ ಪ್ರಚಾರ ಆರಂಭಿಸಿದ್ದು 1967ರಲ್ಲಿ. ಆಗ ಅಲ್ಲಿ ಮದುವೆ ನಿಶ್ಚಯವಾದ ಹೆಣ್ಣುಗಳಲ್ಲಿ ನೂರಕ್ಕೆ 5 ಮಂದಿಗೂ ವಜ್ರದ ಉಂಗುರ ಸಿಗುತ್ತಿರಲಿಲ್ಲ. 1981ರ ಹೊತ್ತಿಗೆ ಆ ಪ್ರಮಾಣ ಸುಮಾರು 60ಕ್ಕೆ ಏರಿತ್ತು. ಮೇಲ್ನೋಟಕ್ಕೆ ಇದು ಜಾಹೀರಾತು ಸಂಪ್ರದಾಯವನ್ನೇ ಸೃಷ್ಟಿಸಿದ ಕಥೆ. ಆದರೆ ಆ ಜಾಹೀರಾತುಗಳಲ್ಲಿದ್ದವರು ಪಾಶ್ಚಾತ್ಯ ಉಡುಪು ತೊಟ್ಟು, ಗುಡ್ಡ ಏರುತ್ತ, ದೋಣಿವಿಹಾರ ಮಾಡುತ್ತಿದ್ದ ಜೋಡಿಗಳು. ಅಲ್ಲಿ ಮಾರಿದ್ದು ಕಲ್ಲನ್ನಲ್ಲ, ಹಿರಿಯರು ಗೊತ್ತುಮಾಡಿದ ಮದುವೆಗಿಂತ ಬೇರೆಯಾದ ಒಂದು ಆಧುನಿಕ ದಾಂಪತ್ಯದ ಆಸೆಯನ್ನು. ಆ ಆಸೆ ಆಗಲೇ ಮೊಳೆತಿತ್ತು, ಕಂಪನಿ ಅದಕ್ಕೊಂದು ಆಕಾರವನ್ನೂ ರಸೀದಿಯನ್ನೂ ಕೊಟ್ಟಿತು.

ಮೊಳಕೆಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಫೋರ್ಡ್ ಕಂಪನಿಯ ಎಡ್ಸೆಲ್ ಕಾರು ಇದೆ. 1957ರಲ್ಲಿ ಭಾರೀ ಪ್ರಚಾರದೊಂದಿಗೆ ಬಂದು, 1959ರಲ್ಲಿ ಸದ್ದಿಲ್ಲದೆ ಹೋಯಿತು. ಹಣ ಸುರಿದ ಮಾತ್ರಕ್ಕೆ ಬಯಕೆ ಹುಟ್ಟುವುದಿದ್ದರೆ ಅದು ಇಂದಿಗೂ ಓಡುತ್ತಿರಬೇಕಿತ್ತು.

ಕರಡುಗಾರ:

ನಾನು ಹದಿನಾಲ್ಕು ವರ್ಷ ಜಾಹೀರಾತಿನ ಸಾಲುಗಳನ್ನು ಬರೆದು ಬದುಕಿದವನು. ಈಗ ಆ ಕೆಲಸದಲ್ಲಿಲ್ಲ. ತಕ್ಕಡಿಯವರು ಹೇಳಿದ ‘ಸಣ್ಣ ಗುಂಪಿ’ನಲ್ಲಿ ನಾನೂ ಒಬ್ಬನಾಗಿದ್ದೆ, ಆದ್ದರಿಂದ ಮೇಜಿನ ಈಚೆ ಬದಿಯ ಒಂದು ಸಂಗತಿಯನ್ನು ಹೇಳಬಹುದು.

ಒಮ್ಮೆ ಗಾಜು ಮತ್ತು ನೆಲ ಒರೆಸುವ ದ್ರಾವಣವೊಂದಕ್ಕೆ ಸಾಲು ಬೇಕಾಗಿತ್ತು. ದ್ರಾವಣದ ಗುಣ ನಿಜವಾಗಿಯೂ ಚೆನ್ನಾಗಿತ್ತು, ಒಂದೇ ಸಲ ಒರೆಸಿದರೆ ಸಾಕು. ನಾನು, ‘ಬೇಗ ಮುಗಿಯಿತು. ಇನ್ನು ಒಂದಿಷ್ಟು ಹೊತ್ತು ನಿಮ್ಮದೇ’ ಎಂದು ಬರೆದೆ. ಚಿತ್ರದಲ್ಲಿ ಹೆಂಗಸೊಬ್ಬಳು ಕಾಲು ಚಾಚಿ ಕುಳಿತಿರುತ್ತಾಳೆ, ಅಷ್ಟೇ. ಕಂಪನಿಯ ಕಡೆಯವರು ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು, ಕೆಂಪು ಪೆನ್ನಿನಿಂದ ‘ನಿಮ್ಮದೇ’ ಎಂಬ ಒಂದೇ ಪದವನ್ನು ಹೊಡೆದುಹಾಕಿ, ಅದರ ಮೇಲೆ ‘ಮಕ್ಕಳಿಗೆ’ ಎಂದು ಬರೆದರು. ಚಿತ್ರದಲ್ಲಿ ಅವಳು ಎದ್ದು ನಿಂತಳು, ಕೈಗೆ ಒಂದು ಪುಸ್ತಕ ಬಂತು, ಪಕ್ಕಕ್ಕೆ ಒಂದು ಮಗು ಬಂತು. ಯಾರೂ ವಾದ ಮಾಡಲಿಲ್ಲ, ನಾನಂತೂ ಮಾಡಲಿಲ್ಲ. ಕೂತ ಹೆಂಗಸನ್ನು ನೋಡಿದರೆ ಗಿರಾಕಿಗೆ ಕಸಿವಿಸಿಯಾಗುತ್ತದೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯದಂತಿತ್ತು.

ಇದು ನಮ್ಮ ಕೋಣೆಯ ಭ್ರಮೆಯೇ ಎಂದು ತಾವು ಕೇಳಬಹುದು. 1950ರಲ್ಲಿ ಮೇಸನ್ ಹೇರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನವಿದೆ. ಆಗ ಅಮೆರಿಕದಲ್ಲಿ ಇನ್‌ಸ್ಟಂಟ್ ಕಾಫಿ ಹೊಸದು. ಅದನ್ನು ಏಕೆ ಕೊಳ್ಳುವುದಿಲ್ಲ ಎಂದು ನೇರವಾಗಿ ಕೇಳಿದರೆ, ರುಚಿ ಹಿಡಿಸುವುದಿಲ್ಲ ಎಂದು ಹೆಂಗಸರು ಉತ್ತರಿಸುತ್ತಿದ್ದರು. ಹೇರ್ ಅವರು ಏಳು ಸಾಮಾನುಗಳ ಎರಡು ಪಟ್ಟಿ ಮಾಡಿದರು. ಮಾಂಸ, ಬ್ರೆಡ್ಡು, ಕ್ಯಾರೆಟ್, ಆಲೂಗಡ್ಡೆ ಎಲ್ಲವೂ ಎರಡರಲ್ಲೂ ಒಂದೇ. ಒಂದರಲ್ಲಿ ಮಾತ್ರ ಇನ್‌ಸ್ಟಂಟ್ ಕಾಫಿ, ಇನ್ನೊಂದರಲ್ಲಿ ಸೋಸಿ ತಯಾರಿಸುವ ಕಾಫಿಪುಡಿ. ಒಬ್ಬರಿಗೆ ಒಂದೇ ಪಟ್ಟಿಯನ್ನು ಕೊಟ್ಟು, ಈ ಸಾಮಾನು ಕೊಂಡ ಹೆಂಗಸು ಎಂಥವಳು, ಬಣ್ಣಿಸಿ ಎಂದರು. ಇನ್‌ಸ್ಟಂಟ್ ಕಾಫಿಯ ಪಟ್ಟಿ ನೋಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅವಳು ಸೋಮಾರಿ, ಮನೆ ನಡೆಸಲು ಬಾರದವಳು ಎಂದರು. ಇನ್ನೊಂದು ಪಟ್ಟಿಯ ಹೆಂಗಸನ್ನು ಹಾಗೆ ಕರೆದವರು ತೀರ ವಿರಳ. ರುಚಿಯ ಮಾತು ನೆಪವಾಗಿತ್ತು. ಈ ಅಧ್ಯಯನವನ್ನು ನಾನು ಓದಿದ್ದು ಆ ಕೆಲಸ ಬಿಟ್ಟ ಮೇಲೆ. ಓದಿದಾಗ ಕೆಂಪು ಪೆನ್ನು ನೆನಪಾಯಿತು.

ಅಂಚುಗೆರೆ:

ಕರಡುಗಾರರು ಹೇಳಿದ ಅಧ್ಯಯನಕ್ಕೆ ಒಂದು ಬಾಲವಿದೆ. 1970ರಲ್ಲಿ ಬೇರೆ ಸಂಶೋಧಕರು ಅದೇ ಪಟ್ಟಿಗಳ ಪ್ರಯೋಗವನ್ನು ಮತ್ತೆ ಮಾಡಿದಾಗ ‘ಸೋಮಾರಿ’ ಎಂಬ ತೀರ್ಪು ಬಹುಮಟ್ಟಿಗೆ ಮಾಯವಾಗಿತ್ತು. ಕಾಫಿಯ ರುಚಿ ಇಪ್ಪತ್ತು ವರ್ಷಗಳಲ್ಲಿ ಸುಧಾರಿಸಿರಬಹುದು, ಆದರೆ ಕೊಂಡವಳ ನಡತೆಯ ಬಗೆಗಿನ ತೀರ್ಪು ರುಚಿಯಿಂದ ಬದಲಾಗುವಂಥದ್ದಲ್ಲ. ಆದ್ದರಿಂದ ಮಸಿಕುಡಿಕೆಯವರು ‘ಒಂದು ಸಂಸ್ಕೃತಿಯ ಮೌಲ್ಯ’ ಎನ್ನುವಾಗ ಜೊತೆಗೆ ಇಸವಿಯನ್ನೂ ಬರೆಯುವುದು ಒಳ್ಳೆಯದು.

ತಕ್ಕಡಿ:

ಕರಡುಗಾರರ ಅನುಭವಕ್ಕೆ ತಲೆಬಾಗುತ್ತೇನೆ. ಪಟ್ಟಿಯ ಅಧ್ಯಯನ ನನ್ನ ಮೊದಲ ಆಕ್ಷೇಪವನ್ನು ಸಾಕಷ್ಟು ಸಡಿಲಿಸಿತು ಎಂಬುದನ್ನು ಒಪ್ಪದಿರುವುದು ಹಟವಾದೀತು. ಆದರೂ ನಾಚಿಕೆಯೇ ಜಾಹೀರಾತಿನ ಮೂಲಧಾತು ಎಂಬ ಮಾತಿಗೆ ಒಂದು ಅಡ್ಡಿಯಿದೆ. ಚೀನಾದ ಸಾಂಗ್ ರಾಜವಂಶದ ಕಾಲದ ಒಂದು ಕಂಚಿನ ಅಚ್ಚು ಉಳಿದುಬಂದಿದೆ. ಜಿನಾನ್ ಪಟ್ಟಣದ ಲಿಯು ಮನೆತನದ ಸೂಜಿ ಅಂಗಡಿಯದು. ನಡುವೆ ಬಿಳಿಯ ಮೊಲವೊಂದು ಕುಟ್ಟಣಿಗೆ ಹಿಡಿದು ನಿಂತಿದೆ. ಬಾಗಿಲ ಮುಂದಿನ ಬಿಳಿ ಮೊಲವನ್ನು ಗುರುತಿಟ್ಟುಕೊಳ್ಳಿ, ಉತ್ತಮ ಉಕ್ಕಿನ ಕಂಬಿಗಳನ್ನು ಕೊಂಡು ನಯವಾದ ಸೂಜಿಗಳನ್ನು ಮಾಡುತ್ತೇವೆ ಎಂಬುದು ಅದರ ಒಕ್ಕಣೆಯ ಸಾರ. ಉಳಿದುಬಂದಿರುವ ಮುದ್ರಿತ ಜಾಹೀರಾತುಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಅಲ್ಲಿ ಎಡ್ನಾ ಇಲ್ಲ. ಹೊಲಿಯುವವರ ಮದುವೆ, ವಯಸ್ಸು, ಗೆಳೆಯರ ಅಭಿಪ್ರಾಯ ಯಾವುದೂ ಇಲ್ಲ. ಸೂಜಿ, ಉಕ್ಕು, ಮೊಲ. ಇದರಿಂದ ಸಾಂಗ್ ಕಾಲದವರಿಗೆ ನಾಚಿಕೆಯೇ ಇರಲಿಲ್ಲ ಎಂದು ತೀರ್ಮಾನಿಸೋಣವೇ?

ಮಸಿಕುಡಿಕೆ:

ಇಲ್ಲ, ಖಂಡಿತ ಇಲ್ಲ. ಮೊಲ ನನ್ನ ವಾದಕ್ಕೆ ತೂತು ಕೊರೆದಿದೆ, ಒಪ್ಪಿದೆ. ಹಾಗಾದರೆ ನನ್ನ ಮಾತನ್ನು ಕಿರಿದುಗೊಳಿಸುತ್ತೇನೆ. ಸರಕು ಅಪರೂಪವಾಗಿರುವ ಕಡೆ ಜಾಹೀರಾತು ಸರಕಿನ ಬಗ್ಗೆ ಮಾತಾಡಿದರೆ ಸಾಕು. ಒಂದೇ ಗುಣದ ಹತ್ತು ಸೀಸೆಗಳು ಒಂದೇ ಕಪಾಟಿನಲ್ಲಿ ನಿಂತಾಗ, ಸೀಸೆಯ ಬಗ್ಗೆ ಹೇಳಲು ಏನೂ ಉಳಿಯದೆ ಅದು ಕೊಳ್ಳುವವರ ಬಗ್ಗೆ ಮಾತಾಡತೊಡಗುತ್ತದೆ. ಮುಜುಗರಕ್ಕೆ ಕೆಲಸ ಸಿಗುವುದು ಆಗ. ಎಡ್ನಾಳನ್ನು ಹುಟ್ಟಿಸಿದ್ದು ಕಾರ್ಖಾನೆಯ ಹೆಚ್ಚುವರಿ ಉತ್ಪಾದನೆ ಎಂದರೆ ಅತಿಯಾಗಲಾರದು.

ತಿರುಪುಳಿ:

ಇಷ್ಟು ಹೊತ್ತು ಎಲ್ಲರೂ ಸರಕಿನ ಬಗೆಗಿನ ಮಾತನ್ನೇ ಓದುತ್ತಿದ್ದೀರಿ, ಸರಕನ್ನು ಯಾರೂ ಬಿಚ್ಚಿ ನೋಡಲಿಲ್ಲ. ನಾನು ರಿಪೇರಿ ಕೆಲಸದವನು. ನನಗೆ ಬಿಚ್ಚುವುದೇ ಓದು.

ನನ್ನ ಮೇಜಿನ ಮೇಲೆ ಈಗ ಎರಡು ವಸ್ತುಗಳಿವೆ. ಒಂದು ಹಳೆಯ ವಾಲ್ವ್ ರೇಡಿಯೊ. ಹಿಂಬದಿಯ ರಟ್ಟನ್ನು ನಾಲ್ಕು ತಿರುಪುಗಳು ಹಿಡಿದಿವೆ. ತೆಗೆದರೆ ಒಳಮೈಗೆ ಅಂಟಿಸಿದ ಹಳದಿಗಟ್ಟಿದ ಕಾಗದದಲ್ಲಿ ಪೂರ್ತಿ ಸರ್ಕ್ಯೂಟ್ ನಕ್ಷೆಯಿದೆ, ಯಾವ ವಾಲ್ವ್ ಎಲ್ಲಿ ಕೂರುತ್ತದೆ ಎಂಬ ಗುರುತಿದೆ. ತಯಾರಿಸಿದವನು, ಇದು ಒಂದು ದಿನ ಕೆಡುತ್ತದೆ, ಆಗ ಯಾರೋ ಇದನ್ನು ತೆರೆಯುತ್ತಾರೆ ಎಂದು ಮೊದಲೇ ಒಪ್ಪಿಕೊಂಡು, ಕಾಣದ ಆ ಮನುಷ್ಯನಿಗೆ ಪತ್ರ ಬರೆದಿಟ್ಟಂತಿದೆ. ಇನ್ನೊಂದು ಕಿವಿಗೆ ಇಟ್ಟುಕೊಳ್ಳುವ ವೈರಿಲ್ಲದ ಇಯರ್‌ಫೋನ್. ಇದಕ್ಕೆ ತಿರುಪಿಲ್ಲ, ಸಂದಿಯಿಲ್ಲ. ಬ್ಯಾಟರಿ ಸತ್ತರೆ ಬ್ಲೇಡು ಹಾಕಿ ಅಂಟು ಸೀಳಬೇಕು, ಸೀಳಿದ ಮೇಲೆ ಮೊದಲಿನಂತೆ ಕೂರಿಸಲಾಗದು. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದೆ.

ಎಲೆಯ ಚಿತ್ರ ಹೇಳುವುದನ್ನೂ ಅಂಟು ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಮಾತ್ರ ನಮ್ಮ ಕಾಲದ ಮೌಲ್ಯವೇನೆಂದು ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆ. ಇದು ಹೊಸ ರೋಗವೇನಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಕಟ್ಟಿಹಾಕಿದರು. ಅದಕ್ಕೂ ಹೆಚ್ಚು ಹೊತ್ತು ಉರಿಯುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ ಬೀಳುತ್ತಿತ್ತು. ಹೆಚ್ಚು ಬಾಳುವ ಬಲ್ಬ್ ಮಂದವಾಗಿ ಉರಿದು ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ ಎಂಬ ತಾಂತ್ರಿಕ ಸಮಜಾಯಿಷಿಯಲ್ಲಿ ಹುರುಳಿದೆ. ಆದರೆ ದಂಡದ ಪಟ್ಟಿ ಇಟ್ಟುಕೊಂಡದ್ದು ಬೆಳಕಿನ ಕಾಳಜಿಯಿಂದಲೇ ಎಂದು ನಂಬುವಷ್ಟು ನಾನು ಸಾಧುವಲ್ಲ. ಅದೇ ದಶಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಆಲ್ಫ್ರೆಡ್ ಸ್ಲೋನ್ ಅವರ ಕಾಲದಲ್ಲಿ ವರ್ಷವರ್ಷವೂ ಹೊಸ ಮಾದರಿ ತರುವ ಪದ್ಧತಿಯನ್ನು ಬೆಳೆಸಿತು. ಕಾರು ಕೆಡಬೇಕಾಗಿಲ್ಲ, ನೆರೆಯವರ ಕಾರಿನ ಪಕ್ಕದಲ್ಲಿ ಹಳತಾಗಿ ಕಂಡರೆ ಸಾಕು ಎಂಬ ಲೆಕ್ಕ. ಮಸಿಕುಡಿಕೆಯವರು ಹೇಳುವ ಮುಜುಗರವನ್ನು ಅಲ್ಲಿ ತಗಡಿನಲ್ಲೇ ಎರಕ ಹೊಯ್ದರು.

ದಾರದುಂಡೆ:

ತಿರುಪುಳಿಯವರ ರೇಡಿಯೊ ಸೊಗಸಾಗಿದೆ, ಆದರೆ ಹಳೆಯ ಕಾಲದವರೆಲ್ಲ ಬಾಳಿಕೆಯನ್ನು ಮೌಲ್ಯವಾಗಿ ಪೂಜಿಸುತ್ತಿದ್ದರು ಎಂಬ ಭಾವನೆ ಬಂದರೆ ಕಷ್ಟ. ಇನ್ನೊಂದನ್ನು ಕೊಳ್ಳಲಾಗದವನು ಇರುವುದನ್ನು ರಿಪೇರಿ ಮಾಡಿಸುತ್ತಾನೆ; ಅದು ಅವನ ತತ್ತ್ವವೋ, ಅವನ ಜೇಬಿನ ಅವಸ್ಥೆಯೋ ಎಂಬುದನ್ನು ವಸ್ತು ಹೇಳುವುದಿಲ್ಲ. ಪೂರ್ವ ಜರ್ಮನಿಯವರು ಟ್ರಾಬಾಂಟ್ ಕಾರಿಗೆ ಹೆಸರು ನೋಂದಾಯಿಸಿ ಹತ್ತು ವರ್ಷಕ್ಕೂ ಮಿಗಿಲಾಗಿ ಕಾಯುತ್ತಿದ್ದರು, ಕೈಗೆ ಬಂದದ್ದನ್ನು ದಶಕಗಟ್ಟಲೆ ಜೋಪಾನ ಮಾಡುತ್ತಿದ್ದರು. ಕಾಯುವ ಪಾಡಿಲ್ಲದೆ ತಕ್ಷಣ ಸಿಗುತ್ತದೆಂದು ಹಳೆಯ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋದದ್ದೂ ಉಂಟು. ಜಾಹೀರಾತಿನ ಒತ್ತಡ ಕಡಿಮೆಯಿದ್ದ ಆ ಸಮಾಜದಲ್ಲಿ ವಸ್ತುವಿನ ಮೋಹ ಕಡಿಮೆಯಿತ್ತೆಂದು ಹೇಳಲು ನನಗೆ ಧೈರ್ಯವಿಲ್ಲ. 1959ರಲ್ಲಿ ಮಾಸ್ಕೋದ ಅಮೆರಿಕನ್ ಪ್ರದರ್ಶನದಲ್ಲಿ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಅವರು ಎರಡು ಜೀವನಕ್ರಮಗಳ ಬಗ್ಗೆ ವಾಗ್ವಾದಕ್ಕಿಳಿದದ್ದು ಎಲ್ಲಿ ನಿಂತು? ಮಾದರಿ ಅಡುಗೆಮನೆಯ ಮುಂದೆ.

ತಿರುಪುಳಿ:

ಒಪ್ಪಿದೆ. ಬಡತನವನ್ನು ಗುಣವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಅಂಟು ಹಾಕುವುದು ಕೊಳ್ಳುವವನ ಜೇಬು ನೋಡಿ ಮಾಡಿದ ನಿರ್ಧಾರವಲ್ಲ, ತಯಾರಕನದು. ಫ್ರಾನ್ಸಿನಲ್ಲಿ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಟಿವಿಯಂಥ ಕೆಲವು ವಸ್ತುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದು ಎಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ನಮೂದಿಸಬೇಕೆಂಬ ಕಾನೂನು ಬಂತು. ಎಲೆಯ ಚಿತ್ರದ ಪಕ್ಕ ಆ ಅಂಕವಿದ್ದರೆ ನಾನು ಬ್ಲೇಡು ಹಿಡಿಯುವ ಮೊದಲೇ ಸತ್ಯ ತಿಳಿಯುತ್ತಿತ್ತು.

ಅಟ್ಟದ ಕಿಟಕಿ:

ಕಾನೂನಿನ ಮಾತು ಬಂದದ್ದರಿಂದ ಒಂದು ಬೇರೆ ದಿಕ್ಕನ್ನು ಸೂಚಿಸುತ್ತೇನೆ. ಒಂದು ಸಮಾಜ ಏನನ್ನು ಮಾರುತ್ತದೆ ಎಂಬುದಕ್ಕಿಂತ, ಯಾರ ಮುಂದೆ ಮಾರಕೂಡದು ಎಂದು ಗೆರೆ ಎಳೆಯುತ್ತದೆ ಎಂಬುದು ಮೌಲ್ಯಕ್ಕೆ ಹೆಚ್ಚು ಹತ್ತಿರದ ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅಂತಹ ಗೆರೆಗೆ ನಷ್ಟದ ಬೆಲೆ ಇರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1980ರಿಂದ 13 ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ವಾಣಿಜ್ಯ ಜಾಹೀರಾತನ್ನು ನಿಷೇಧಿಸಿದೆ. ಸ್ವೀಡನ್ನಿನಲ್ಲಿ 1991ರಿಂದ 12 ವರ್ಷದೊಳಗಿನವರನ್ನು ಗುರಿಯಾಗಿಸಿದ ಟಿವಿ ಜಾಹೀರಾತಿಗೆ ಅವಕಾಶವಿಲ್ಲ. ಮಾತಿನ ಮರ್ಮ ತಿಳಿಯದ ವಯಸ್ಸಿನವರೊಂದಿಗೆ ವ್ಯಾಪಾರದ ಮಾತು ಆಡುವುದು ಅನ್ಯಾಯ ಎಂಬ ನಿಲುವು ಅದರ ಹಿಂದಿದೆ. ನಾರ್ವೆಯಲ್ಲಿ 2022ರಿಂದ, ಜಾಹೀರಾತಿನ ಚಿತ್ರದಲ್ಲಿ ದೇಹದ ಆಕಾರವನ್ನೋ ಚರ್ಮವನ್ನೋ ತಿದ್ದಿದ್ದರೆ ಹಾಗೆಂದು ಗುರುತು ಹಾಕಲೇಬೇಕು. ಎಡ್ನಾಳ ಚಿತ್ರಕ್ಕೆ ನೂರು ವರ್ಷ ತಡವಾಗಿ ಬಂದ ಅಡಿಟಿಪ್ಪಣಿ ಎನ್ನಿ.

ಬ್ರೆಜಿಲಿನ ಸಾವೊ ಪಾವ್ಲೊ ನಗರ ಇನ್ನೂ ಮುಂದೆ ಹೋಗಿ, 2007ರಲ್ಲಿ ಬೀದಿಬದಿಯ ಜಾಹೀರಾತು ಫಲಕಗಳನ್ನೇ ಇಳಿಸಿತು; ಅಂಗಡಿಯ ಹೆಸರಿನ ಹಲಗೆಗೂ ಅಳತೆಯ ಮಿತಿ ಬಂತು. ಫಲಕಗಳು ಹೋದ ಮೇಲೆ ಅವುಗಳ ಹಿಂದೆ ಮರೆಯಾಗಿದ್ದ ಕೊಳೆಗೇರಿಗಳು ಓಡಾಡುವವರ ಕಣ್ಣಿಗೆ ಬಿದ್ದುದನ್ನು ಅಲ್ಲಿನ ಪತ್ರಕರ್ತರು ಹೇಳಿದ್ದಾರೆ. ಸಮಾಜವನ್ನು ತೋರಿಸುತ್ತದೆಂದು ನಾವು ಇಷ್ಟು ಹೊತ್ತು ವಾದಿಸುತ್ತಿರುವ ವಸ್ತು, ಆ ನಗರದ ಮಟ್ಟಿಗೆ ಅಕ್ಷರಶಃ ಒಂದು ಪರದೆಯಾಗಿತ್ತು.

ಇನ್ನೊಂದು ಚಿಂತೆ ನನ್ನನ್ನು ಕಾಡುತ್ತದೆ. ಮಸಿಕುಡಿಕೆಯವರು ನೂರು ವರ್ಷದ ಹಿಂದಿನ ಪುಟವನ್ನು ಇಂದು ತಿರುವಲು ಸಾಧ್ಯವಾದದ್ದು, ಅಂದು ಆ ಪುಟವನ್ನು ಎಲ್ಲರೂ ಒಟ್ಟಿಗೆ ನೋಡಿದ್ದರಿಂದ. ಇಂದು ನನ್ನ ಫೋನಿನಲ್ಲಿ ಬರುವ ಜಾಹೀರಾತು ಪಕ್ಕದಲ್ಲಿ ಕೂತವರ ಫೋನಿನಲ್ಲಿ ಬರುವುದಿಲ್ಲ, ನಾಳೆ ನನ್ನದರಲ್ಲೂ ಇರುವುದಿಲ್ಲ. ನನಗೆ ಯಾವ ಭಯವನ್ನು ತೋರಿಸಿದರು ಎಂಬುದು ನನಗೂ ಒಂದು ಕಂಪ್ಯೂಟರಿಗೂ ಮಾತ್ರ ಗೊತ್ತು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯ್ದೆ, ತೀರ ದೊಡ್ಡ ಜಾಲತಾಣಗಳು ತಾವು ತೋರಿಸಿದ ಜಾಹೀರಾತುಗಳ ಸಾರ್ವಜನಿಕ ಸಂಗ್ರಹವನ್ನು ಇಡಬೇಕೆಂದು ವಿಧಿಸಿದೆ. ಅದು ಕೂಡ ಕೊನೆಯ ಸಲ ತೋರಿಸಿದ ದಿನದಿಂದ ಒಂದು ವರ್ಷದವರೆಗೆ. ನೂರು ವರ್ಷದ ನಂತರ ನಮ್ಮ ಮುಜುಗರಗಳನ್ನು ಓದಬಯಸುವವರಿಗೆ ತಿರುವಲು ಪುಟವೇ ಇರದೇ ಹೋಗಬಹುದು.

ಮಸಿಕುಡಿಕೆ:

ಇದನ್ನು ನಾನು ಯೋಚಿಸಿರಲಿಲ್ಲ. ಎಡ್ನಾಳ ಮುಜುಗರ ಸಾರ್ವಜನಿಕವಾಗಿತ್ತು, ಆದ್ದರಿಂದ ಅದನ್ನು ನೋಡಿ ನಗುವ ಅವಕಾಶವೂ ಎಲ್ಲರಿಗೂ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಎಡ್ನಾಳನ್ನು ಕಳಿಸಿದರೆ ಒಟ್ಟಿಗೆ ನಗುವುದು ಹೇಗೆ? ‘ಸಂಸ್ಕೃತಿ’ ಎಂಬ ಪದವನ್ನು ಅಲ್ಲಿ ಬಳಸುವುದು ಸರಿಯೇ ಎಂಬುದೇ ಈಗ ನನಗೆ ಪ್ರಶ್ನೆಯಾಗಿದೆ.

ಅಂಚುಗೆರೆ:

ವಿಷಯಾಂತರವಲ್ಲವೆಂದು ಭಾವಿಸಿ ಕರಡುಗಾರರಲ್ಲಿ ಒಂದು ಕುತೂಹಲ: ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ ಆ ಸಾಲು ಮುಂದೆ ಎಲ್ಲಿಯಾದರೂ ಬಂದಿತೇ? 1950 ಮತ್ತು 1970ರ ನಡುವೆ ಪಟ್ಟಿಯ ತೀರ್ಪು ಬದಲಾದಂತೆ ನಿಮ್ಮ ಕೋಣೆಯ ತೀರ್ಪೂ ಬದಲಾಯಿತೇ ಎಂದು ತಿಳಿಯುವ ಆಸೆ.

ಕರಡುಗಾರ:

ಬಂತು, ನಾನು ಬರೆದದ್ದಲ್ಲ. ಸುಮಾರು ಒಂಬತ್ತು ವರ್ಷದ ನಂತರ, ಬೇರೆ ಯಾವುದೋ ಕಂಪನಿಯ, ತಾನೇ ಓಡಾಡಿ ಕಸ ಗುಡಿಸುವ ದುಬಾರಿ ಯಂತ್ರವೊಂದರ ಜಾಹೀರಾತಿನಲ್ಲಿ ‘ಈ ಹೊತ್ತು ನಿಮ್ಮದೇ’ ಎಂಬ ಸಾಲನ್ನು ನೋಡಿದೆ. ಹೆಂಗಸು ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತಿದ್ದಳು, ಕೈಯಲ್ಲೊಂದು ಬಟ್ಟಲು, ಮಗು ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಸೀಸೆಯ ದ್ರಾವಣ ಕೊಳ್ಳುವವಳಿಗೆ ಸಿಗದ ವಿರಾಮ ಯಂತ್ರ ಕೊಳ್ಳಬಲ್ಲವಳಿಗೆ ಸಿಕ್ಕಿತ್ತು ಎಂದು ಅಂದುಕೊಂಡೆ. ಆಮೇಲೆ ವೃತ್ತಿಯ ಚಾಳಿಯಿಂದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಯಂತ್ರ ನೆಲದ ಮೇಲಿತ್ತು. ಅವಳ ಹಿಂದಿನ ಕಿಟಕಿಯ ಗಾಜು, ಚೌಕಟ್ಟಿನ ಮೂಲೆಯವರೆಗೂ, ಒಂದು ಬೆರಳಚ್ಚೂ ಇಲ್ಲದೆ ಹೊಳೆಯುತ್ತಿತ್ತು. ಯಂತ್ರ ಗೋಡೆ ಹತ್ತುವುದಿಲ್ಲ.